ಅಡಿಗೆಮನೆಯಲ್ಲಿ ಪ್ಲಗ್ಗು ಎಲ್ಲಿರಬೇಕು?

ಮಳೆಗಾಲ ಹತ್ತಿರ ಬಂತು, ಈ ಮನುಷ್ಯ ಇವತ್ತು ಕೊಳೆಮದ್ದಿನ ಮೈಲುತುತ್ತ, ಸುಣ್ಣಗಳ ಲೆಕ್ಕ ಹೇಳುತ್ತಾನೆ ಎಂದು ನೀವು ಕಾದಿರಬಹುದು. ಅದನ್ನು ಇನ್ನೊಂದು ದಿನ ಹೇಳುವೆ. ಇಂದು ನಾನು ತೋಟದಿಂದ ಮೇಲೆ ಹತ್ತಿ, ಕಾಲು ತೊಳೆದುಕೊಂಡು, ನೇರ ನಿಮ್ಮ ಅಡಿಗೆಮನೆಗೇ ಬರುವವನಿದ್ದೇನೆ. ಅಲ್ಲಿ ಕರೆಂಟಿನ ಪ್ಲಗ್ಗನ್ನು ಎಲ್ಲಿ ಕೂಡಿಸಬೇಕು, ಎಲ್ಲಿ ಕೂಡಿಸಬಾರದು ಎಂಬುದೇ ಇಂದಿನ ವಿಷಯ. ನಾನು ತಂತಿ ಕೆಲಸದವನಲ್ಲ, ಕೃಷಿ ಡಿಪ್ಲೊಮಾ ಓದಿದವನು. ಆದರೂ ಈ ಮಾತನ್ನು ಎತ್ತುವುದಕ್ಕೆ ಕಾರಣ ಉಂಟು.

ನಮ್ಮ ಕಡೆಯ ಹಳೆಯ ಮನೆಗಳನ್ನು ನೋಡಿ. ಕರೆಂಟು ಬಂದ ಹೊಸದರಲ್ಲಿ ಬೇಕಾಗಿದ್ದುದು ಜಗಲಿಗೊಂದು ದೀಪ, ಅಡಿಗೆಮನೆಗೊಂದು ದೀಪ, ದೇವರ ಮುಂದೊಂದು ದೀಪ. ಅಷ್ಟಕ್ಕೆ ತಕ್ಕ ಸಣ್ಣ ತಂತಿ ಎಳೆದರು, ಬಾಗಿಲ ಪಕ್ಕ ಮರದ ಹಲಗೆಯ ಮೇಲೆ ಎರಡು ಸ್ವಿಚ್ಚು, ಒಂದು ಪ್ಲಗ್ಗು ಕೂಡಿಸಿದರು. ಆಗ ಅದು ತಪ್ಪಲ್ಲ. ಒರಳು ಕೈಯಲ್ಲಿ ತಿರುಗುತ್ತಿತ್ತು, ಮಜ್ಜಿಗೆ ಕಡೆಗೋಲಿನಲ್ಲಿ ಆಗುತ್ತಿತ್ತು. ಈಗ? ತಂಬುಳಿಗೆ ಮಿಕ್ಸರು, ದೋಸೆಹಿಟ್ಟಿಗೆ ಗ್ರೈಂಡರು, ಹಾಲಿಗೆ ಫ್ರಿಜ್ಜು, ಚಹಕ್ಕೆ ಇಂಡಕ್ಷನ್ ಒಲೆ. 2023ರ ಜುಲೈಯಿಂದ ಗೃಹಜ್ಯೋತಿ ಬಂದ ಮೇಲೆ ಎಷ್ಟೋ ಮನೆಗಳಲ್ಲಿ ಬಿಲ್ಲಿನ ಹೆದರಿಕೆಯೂ ಇಳಿಯಿತು. ಆದರೆ ಗೋಡೆಯ ಮೇಲಿನ ಆ ಹಲಗೆ ಅದೇ, ಒಳಗಿನ ತಂತಿಯೂ ಅದೇ. ಒಂದು ಪ್ಲಗ್ಗಿಗೆ ಮೂರು ಬಾಯಿಯದನ್ನು ಸಿಕ್ಕಿಸಿ, ಅದಕ್ಕೊಂದು ಉದ್ದದ ವಯರು ಸಿಕ್ಕಿಸಿ, ಅದನ್ನು ಹೊಸ್ತಿಲು ದಾಟಿಸಿ ಬಚ್ಚಲ ಬಾಗಿಲವರೆಗೂ ಒಯ್ದಿರುತ್ತಾರೆ. ಊರೂರು ತಿರುಗುವಾಗ ನಾನು ಇದನ್ನು ಎಷ್ಟು ಮನೆಗಳಲ್ಲಿ ನೋಡಿದ್ದೇನೋ ಲೆಕ್ಕ ಇಟ್ಟಿಲ್ಲ. ಬೇರೆಯವರ ಮಾತೇಕೆ, ನಮ್ಮ ಮನೆಯದನ್ನೇ ಹೇಳುತ್ತೇನೆ.

ಮೂರು ವರ್ಷದ ಹಿಂದಿನ ಆಷಾಢ. ಹೊಸ ಗ್ರೈಂಡರು ತಂದಿದ್ದೆವು. ಅದರ ಪ್ಲಗ್ಗಿಗೆ ಮೂರು ಪಿನ್ನು. ನಮ್ಮ ಹಳೆಯ ಹಲಗೆಯಲ್ಲಿ ಇದ್ದುದು ಎರಡೇ ತೂತು. ಮೇಲಿನ ಆ ದಪ್ಪ ಪಿನ್ನನ್ನು ಗರಗಸ ಹಿಡಿದು ಕೊಯ್ದವನು ನಾನೇ. ಗ್ರೈಂಡರು ಚೆನ್ನಾಗಿಯೇ ತಿರುಗಿತು. “ನೋಡು, ಎಂತೂ ಆಗ್ಲಿಲ್ಲ” ಎಂದು ಆಯಿಯ ಹತ್ತಿರ ಜಂಬವನ್ನೂ ಕೊಚ್ಚಿಕೊಂಡೆ. ಎರಡು ತಿಂಗಳು ಏನೂ ಆಗಲೂ ಇಲ್ಲ. ಒಂದು ಬೆಳಿಗ್ಗೆ, ನೆಲವೆಲ್ಲ ಮಳೆಯ ತೇವ ಹಿಡಿದಿದ್ದಾಗ, ಆಯಿ ಒಂದು ಕೈಯನ್ನು ಗ್ರೈಂಡರಿನ ಉಕ್ಕಿನ ಪಾತ್ರೆಯ ಮೇಲಿಟ್ಟು ಇನ್ನೊಂದು ಕೈಯಿಂದ ನಲ್ಲಿ ತಿರುಗಿಸಹೋದಳು. ಕೈ ಹಿಡಿದುಕೊಂಡಿತು. ಕೂಗಲಿಕ್ಕೂ ಬಾಯಿ ಬರಲಿಲ್ಲವಂತೆ. ತಂಗಿ ಕಂಡು, ಆಯಿಯನ್ನು ಮುಟ್ಟದೆ, ಓಡಿಹೋಗಿ ಮೇನ್ ಸ್ವಿಚ್ಚು ಇಳಿಸಿದಳು. ಆಯಿ ಉಳಿದಳು. ನಾನು ಆಗ ಊರಲ್ಲಿರಲಿಲ್ಲ; ಬೇರೊಂದು ಹಳ್ಳಿಯಲ್ಲಿ ಪಂಪಿನ ಮೋಟಾರಿಗೆ ಅರ್ಥಿಂಗ್ ಎಷ್ಟು ಮುಖ್ಯ ಎಂದು ರೈತರಿಗೆ ಹೇಳುತ್ತಿದ್ದೆ. ನಗಬೇಡಿ.

ಆದದ್ದೇನು ಎಂದು ವಿಚಾರ ಮಾಡೋಣ. ಗ್ರೈಂಡರಿನ ಒಳಗಿನ ತಂತಿಯ ಹೊದಿಕೆ ಎಲ್ಲೋ ತೇವ ಹಿಡಿದು, ಕರೆಂಟು ಹೊರಗಿನ ಲೋಹಕ್ಕೆ ಸೋರಿತು. ಹೀಗೆ ಸೋರಿದ ಕರೆಂಟನ್ನು ಭೂಮಿಗೆ ಒಯ್ದು ಮುಟ್ಟಿಸುವುದಕ್ಕೇ ಆ ಮೂರನೆಯ ಪಿನ್ನು ಇರುವುದು. ನಾನು ಆ ದಾರಿಯನ್ನು ಕೊಯ್ದುಬಿಟ್ಟಿದ್ದೆ. ಕರೆಂಟು ಬೇರೆ ದಾರಿ ಕಾಯುತ್ತ ಕೂತಿತ್ತು. ಆಯಿಯ ಎರಡು ಕೈ, ನಡುವೆ ಎದೆ, ಅದೇ ದಾರಿಯಾಯಿತು.

“ಫ್ಯೂಜು ಹೋಗಬೇಕಿತ್ತಲ್ಲ?” ಎಂದು ಹಲವರು ಕೇಳುತ್ತಾರೆ. ಹೋಗುವುದಿಲ್ಲ. ಹತ್ತು ಹದಿನೈದು ಮಿಲಿಆಂಪಿಯರ್ ಹರಿದರೇ ಬೆರಳಿನ ಸ್ನಾಯು ಬಿಗಿದು ಹಿಡಿದದ್ದನ್ನು ಬಿಡಲಾಗದು. ಮೂವತ್ತನ್ನು ದಾಟಿ ಹರಿಯುತ್ತಲೇ ಇದ್ದರೆ ಎದೆಬಡಿತಕ್ಕೇ ಅಪಾಯ. ನಿಮ್ಮ ಮನೆಯ 16 ಆಂಪಿಯರಿನ ಫ್ಯೂಜು ಅಥವಾ ಎಂಸಿಬಿ ಎಂದರೆ 16 ಸಾವಿರ ಮಿಲಿಆಂಪಿಯರ್. ಅದು ತಂತಿ ಸುಡದಂತೆ ಕಾಯುವ ಕಾವಲುಗಾರ, ಮನುಷ್ಯನನ್ನು ಕಾಯುವವನಲ್ಲ. 9 ವ್ಯಾಟಿನ ಸಣ್ಣ ಬಲ್ಬು ಉರಿಯುವುದಕ್ಕೆ ಬೇಕಾದಷ್ಟು ಕರೆಂಟೇ ಒಬ್ಬರ ಪ್ರಾಣಕ್ಕೆ ಸಾಕು.

ಇನ್ನು ಸ್ಥಳದ ಮಾತಿಗೆ ಬರೋಣ. ಅಮೆರಿಕೆಯ ವಿದ್ಯುತ್ ನಿಯಮದಲ್ಲಿ ಒಂದು ಮಾತಿದೆ: ಅಡಿಗೆ ಕಟ್ಟೆಯ ಗೋಡೆಯುದ್ದಕ್ಕೂ ಯಾವ ಜಾಗದಿಂದ ನೋಡಿದರೂ 2 ಅಡಿಯೊಳಗೆ ಒಂದು ಪ್ಲಗ್ಗು ಸಿಗಬೇಕು, ಎಂದರೆ ನಾಲ್ಕು ಅಡಿಗೆ ಒಂದರಂತೆ. ಮೊದಲು ಓದಿದಾಗ ಇದೇನು ಶ್ರೀಮಂತರ ಸಡಗರ ಎಂದುಕೊಂಡೆ. ಆಮೇಲೆ ಅರ್ಥವಾಯಿತು. ಅಡಿಗೆಮನೆಯ ಯಂತ್ರಗಳಿಗೆ ಬೇಕೆಂದೇ ಗಿಡ್ಡ ವಯರು ಕೊಟ್ಟಿರುತ್ತಾರೆ, ಉದ್ದ ಇದ್ದರೆ ಒಲೆಯ ಮೇಲೆ ಬೀಳುತ್ತದೆ, ಕಟ್ಟೆಯಿಂದ ಜೋತು ಮಗುವಿನ ಕೈಗೆ ಸಿಗುತ್ತದೆ. ಪ್ಲಗ್ಗು ಹತ್ತಿರವಿಲ್ಲದಿದ್ದರೆ ಜನ ಏನು ಮಾಡುತ್ತಾರೆ? ನಾವು ಮಾಡಿದ್ದನ್ನೇ: ಉದ್ದದ ವಯರು ಎಳೆಯುತ್ತಾರೆ. ಅದೇ ನಿಯಮ 1987ರಲ್ಲಿ, ನೀರಿನ ತೊಟ್ಟಿಯಿಂದ 6 ಅಡಿಯೊಳಗಿರುವ ಕಟ್ಟೆಯ ಪ್ಲಗ್ಗುಗಳಿಗೆ ಸೋರಿಕೆ ಹಿಡಿದು ಕರೆಂಟು ಕಡಿಯುವ ಸಾಧನ ಬೇಕೆಂದಿತು. 1996ರಲ್ಲಿ ಕಟ್ಟೆಯ ಎಲ್ಲಾ ಪ್ಲಗ್ಗಿಗೂ ಬೇಕೆಂದಿತು.

ನಮ್ಮ ದೇಶಕ್ಕೂ ನಿಯಮಗಳಿವೆ. ಮನೆಯ ತಂತಿ ಕೆಲಸಕ್ಕೆ ಐ.ಎಸ್. 732, ಅರ್ಥಿಂಗಿಗೆ ಐ.ಎಸ್. 3043, ಇವನ್ನೆಲ್ಲ ಕೂಡಿಸಿ 1985ರಲ್ಲಿ ಮೊದಲು ಹೊರಟ ರಾಷ್ಟ್ರೀಯ ವಿದ್ಯುತ್ ಸಂಹಿತೆ. ಆ ಪುಸ್ತಕಗಳನ್ನು ನೀವು ಓದಬೇಕಾಗಿಲ್ಲ. ನಮ್ಮ ಮನೆಗಳಿಗೆ ಒಪ್ಪುವಂತೆ ಗೇಣು, ಮಾರಿನ ಲೆಕ್ಕದಲ್ಲಿ ಹೇಳುತ್ತೇನೆ.

ನೀರಿಗೂ ಪ್ಲಗ್ಗಿಗೂ ಒಂದು ಮಾರು ದೂರವಿರಲಿ. ಎರಡೂ ಕೈ ಚಾಚಿ ನಿಂತರೆ ಎಷ್ಟೋ ಅಷ್ಟು. ಹಾಗಿದ್ದರೆ ಒಂದು ಕೈ ನಲ್ಲಿಯ ಮೇಲೆ, ಒಂದು ಕೈ ಸ್ವಿಚ್ಚಿನ ಮೇಲೆ ಏಕಕಾಲಕ್ಕೆ ಬರಲಾರದು. ಅಡಿಗೆಮನೆಯೇ ಒಂದು ಮಾರು ಅಗಲ, ಎಲ್ಲಿಗೆ ಹೋಗೋಣ ಮಾರಾಯ್ರೆ ಎಂದರೆ, ಸಾಧ್ಯವಾದಷ್ಟು ದೂರ ಕೂಡಿಸಿ, ಮುಂದೆ ಹೇಳುವ ಸಾಧನವನ್ನಂತೂ ತಪ್ಪದೆ ಹಾಕಿಸಿ. ನಿಂತು ಅಡಿಗೆ ಮಾಡುವ ಕಟ್ಟೆಯಾದರೆ ಕಟ್ಟೆಯಿಂದ ಒಂದು ಗೇಣು ಮೇಲೆ ಪ್ಲಗ್ಗು ಇರಲಿ. ಪಾತ್ರೆಯ ನೀರು ಚೆಲ್ಲಿದರೆ ತಾಗಬಾರದು. ನೆಲದ ಮೇಲೆ ಕೂತು ಮಾಡುವ, ದಿನವೂ ನೀರು ಹಾಕಿ ತೊಳೆಯುವ ಅಡಿಗೆಮನೆಯಾದರೆ ನೆಲದಿಂದ 130 ಸೆಂಟಿಮೀಟರ್, ಸುಮಾರು ಎದೆಮಟ್ಟ. ಸ್ನಾನದ ಮನೆಯಲ್ಲಿ ಇದಕ್ಕಿಂತ ಕೆಳಗೆ ಪ್ಲಗ್ಗು ಕೂಡದು ಎಂದು ನಮ್ಮ ನಿಯಮವೇ ಹೇಳುತ್ತದೆ. ಮಳೆಗಾಲದಲ್ಲಿ ನಮ್ಮ ಅಡಿಗೆಮನೆಗೂ ಬಚ್ಚಲಿಗೂ ಇರುವ ವ್ಯತ್ಯಾಸ ಅಷ್ಟರಲ್ಲೇ ಇದೆ.

ಒಲೆಯ ನೇರ ಮೇಲೆ ಬೇಡವೇ ಬೇಡ. ಉರಿಯ ಮೇಲಿಂದ ಕೈ ಚಾಚಬೇಕಾಗುತ್ತದೆ, ಸೆರಗು ತಾಗುತ್ತದೆ. ಹಬೆ, ಹೊಗೆ, ಎಣ್ಣೆಜಿಡ್ಡು ಒಳಗೆ ಸೇರಿ ಮಸಿ ಕಟ್ಟುತ್ತದೆ. ಸಿಲಿಂಡರಿನ ಪಕ್ಕದಲ್ಲಿ ತಗ್ಗಾಗಿಯೂ ಬೇಡ, ಆ ಗ್ಯಾಸು ಗಾಳಿಗಿಂತ ಭಾರ, ಸೋರಿದರೆ ನೆಲದಲ್ಲೇ ಹರಡಿಕೊಂಡಿರುತ್ತದೆ. ಸ್ವಿಚ್ಚಿನ ಒಂದು ಕಿಡಿ ಸಾಕು. ಮಳೆಯ ಎರಚಲು ಹೊಡೆಯುವ ಕಿಟಕಿಯ ಕೆಳಗೂ ಬೇಡ. ನಮ್ಮಲ್ಲಿ ಪಡುವಣ ಗಾಳಿ ಎತ್ತಲಿಂದ ಎರಚುತ್ತದೆ ಎಂಬುದು ತಂತಿ ಕೆಲಸದವನಿಗಿಂತ ಮನೆಯ ಹೆಂಗಸರಿಗೇ ಚೆನ್ನಾಗಿ ಗೊತ್ತು. ಆದ್ದರಿಂದ ಗೋಡೆಗೆ ಗುರುತು ಹಾಕುವ ದಿನ ಯಜಮಾನರು ಜಗಲಿಯಲ್ಲಿ ಕೂತು ಎಲೆ ಹಾಕಲಿ. ಗುರುತನ್ನು ಅಡಿಗೆ ಮಾಡುವವರೇ ಹಾಕಲಿ. ಮಿಕ್ಸರು ಎಲ್ಲಿ ಕೂರುತ್ತದೆ, ಮಕ್ಕಳು ಎಲ್ಲಿ ಓಡಾಡುತ್ತಾರೆ, ಹಿಟ್ಟು ರುಬ್ಬುವಾಗ ಎಲ್ಲಿ ನಿಲ್ಲುತ್ತಾರೆ ಎಂಬುದನ್ನು ಅವರೇ ಹೇಳಬೇಕು.

ಪ್ಲಗ್ಗು ಎಂಥದು ಎಂಬುದೂ ಮುಖ್ಯ. ನಮ್ಮಲ್ಲಿ ಸಣ್ಣದು 6 ಆಂಪಿಯರಿನದು, ದೊಡ್ಡದು 16ರದು. ಕರೆಂಟು 230 ವೋಲ್ಟಿನದಾದ್ದರಿಂದ ಸಣ್ಣದು ತಡೆಯುವುದು 1380 ವ್ಯಾಟು, ದೊಡ್ಡದು 3680. ಮಿಕ್ಸರಿಗೆ 500ರಿಂದ 750 ವ್ಯಾಟು, ಸಣ್ಣದೇ ಸಾಕು. ಇಂಡಕ್ಷನ್ ಒಲೆಗೆ 2000 ವ್ಯಾಟು ಬೇಕಾಗುತ್ತದೆ; ಅದನ್ನು ಸಣ್ಣದಕ್ಕೆ ಸಿಕ್ಕಿಸಿದರೆ ಪ್ಲಗ್ಗು ಬಿಸಿಯಾಗಿ ಕರಗುತ್ತದೆ. ದೊಡ್ಡ ಪ್ಲಗ್ಗಿಗೆ ಮೀಟರ್ ಹಲಗೆಯಿಂದಲೇ ಬೇರೆ ತಂತಿ ಬರಬೇಕು, ತಾಮ್ರದ್ದು, 2.5 ಚದರ ಮಿಲಿಮೀಟರಿಗೆ ಕಡಿಮೆಯಿಲ್ಲದ್ದು. ದೀಪದ ತಂತಿಗೆ ದೊಡ್ಡ ಪ್ಲಗ್ಗು ಕೂಡಿಸುವುದು ಎಂದರೆ ಕರುವಿಗೆ ನೊಗ ಕಟ್ಟಿದ ಹಾಗೆ. ಫ್ರಿಜ್ಜಿಗೆ ಅದರದೇ ಒಂದು ಪ್ಲಗ್ಗು ಇರಲಿ. ಅಟ್ಟದ ಮೇಲೆ ಹಾಯುವ ತಂತಿಯನ್ನು ಪೈಪಿನೊಳಗೇ ಎಳೆಸಿ, ಅಲ್ಲಿ ಇಲಿಗಳು ಅಡಿಕೆ ಚೀಲವನ್ನೂ ಬಿಡುವುದಿಲ್ಲ, ತಂತಿಯನ್ನೂ ಬಿಡುವುದಿಲ್ಲ.

ಸ್ಥಳ ಎಷ್ಟೇ ಸರಿಯಿರಲಿ, ಮೂರನೆಯ ತೂತಿನ ಹಿಂದೆ ಹಸಿರು ತಂತಿ ಇಲ್ಲದಿದ್ದರೆ ಎಲ್ಲವೂ ಬರಿಯ ಅಲಂಕಾರ. ಮೂರು ತೂತಿನ ಪ್ಲಗ್ಗು ಕೂಡಿಸಿ ಹಿಂದೆ ಎರಡೇ ತಂತಿ ಬಿಟ್ಟ ಮನೆಗಳಿವೆ. ಬಿಚ್ಚಿಸಿ ನೋಡಿ. ಅರ್ಥಿಂಗಿನ ಪೈಪು ಗೋಡೆಯಿಂದ ಒಂದೂವರೆ ಮೀಟರಾದರೂ ಆಚೆ, ಎರಡೂವರೆ ಮೀಟರ್ ಆಳಕ್ಕೆ ಇಳಿಯಬೇಕು. ನಮ್ಮದು ಚಿರೆಕಲ್ಲಿನ ನೆಲ, ಮಳೆಗಾಲದಲ್ಲಿ ತಂಪು, ಚೈತ್ರ ವೈಶಾಖದಲ್ಲಿ ಒಣ ಕಲ್ಲು. ಒಣ ಕಲ್ಲು ಕರೆಂಟನ್ನು ಒಳಗೆ ಬಿಟ್ಟುಕೊಳ್ಳುವುದಿಲ್ಲ. ಬಚ್ಚಲ ನೀರು ಹರಿದು ಬಾಳೆ ಬೆಳೆದಿರುವ ಕಡೆ ಸದಾ ತೇವವಿರುತ್ತದೆ, ಅಂಥ ಜಾಗ ಒಳ್ಳೆಯದು. ಅದಿಲ್ಲದಿದ್ದರೆ ಬೇಸಿಗೆಯಲ್ಲಿ ಪೈಪಿನ ಬುಡಕ್ಕೆ ಆಗಾಗ ಒಂದು ಕೊಡ ನೀರು ಹೊಯ್ಯಿರಿ. ಹಸಿರು ತಂತಿಯನ್ನು ನ್ಯೂಟ್ರಲ್ಲಿಗೆ ಸುತ್ತಿ “ಅರ್ಥಿಂಗ್ ಆಯ್ತು” ಎನ್ನುವ ಕೆಲಸದವನನ್ನು ಚಹ ಕೊಟ್ಟು ಕಳಿಸಿಬಿಡಿ. ಆ ನ್ಯೂಟ್ರಲ್ ಎಲ್ಲಾದರೂ ಕಡಿದರೆ ಮನೆಯ ಎಲ್ಲಾ ಯಂತ್ರದ ಮೈಗೂ ಕರೆಂಟು ಬರುತ್ತದೆ.

ಕೊನೆಯದಾಗಿ, ನಾನು ಮುಂದೆ ಹೇಳುತ್ತೇನೆಂದ ಸಾಧನ. ಅದರ ಹೆಸರು ಆರ್‌ಸಿಸಿಬಿ. ಹೋದ ಕರೆಂಟೆಷ್ಟು, ಮರಳಿ ಬಂದದ್ದೆಷ್ಟು ಎಂದು ಅದು ಸದಾ ತೂಗುತ್ತಿರುತ್ತದೆ. ಲೆಕ್ಕ ತಪ್ಪಿದರೆ ಎಲ್ಲೋ ಸೋರಿದೆ, ಯಾರದೋ ಮೈಯಲ್ಲಿ ಹರಿದಿದೆ ಎಂದು ಕಣ್ಣು ಮಿಟುಕಿಸುವುದರೊಳಗೆ ಕರೆಂಟು ಕಡಿಯುತ್ತದೆ. ಕೇಳಿ ತರುವಾಗ “30 ಮಿಲಿಆಂಪಿಯರಿನದು” ಎಂದೇ ಕೇಳಬೇಕು; 100, 300ರವು ಬೇರೆ ಕೆಲಸಕ್ಕೆ. ಇದು ಎಂಸಿಬಿಗೆ ಬದಲಲ್ಲ, ಎರಡೂ ಬೇಕು. ಎರಡೂ ತಂತಿಯನ್ನು ಒಟ್ಟಿಗೆ ಮುಟ್ಟಿದವನನ್ನು ಇದೂ ಉಳಿಸಲಾರದು. ಅದರ ಮೇಲೆ ‘ಟಿ’ ಎಂದು ಬರೆದ ಗುಂಡಿ ಇರುತ್ತದೆ. ತಿಂಗಳಿಗೊಮ್ಮೆ, ಅಮಾವಾಸ್ಯೆಯ ದಿನ ಎಂದಿಟ್ಟುಕೊಂಡರೆ ಮರೆಯುವುದಿಲ್ಲ, ಒತ್ತಿ ನೋಡಿ. ಟಪ್ಪೆಂದು ಬಿದ್ದರೆ ಅದು ಜೀವಂತ ಇದೆ. ಬೀಳದಿದ್ದರೆ ಬದಲಿಸಿ.

ಹಾಕಿಸಿದವರು ಕೆಲವರು ಮಳೆಗಾಲದಲ್ಲಿ ನನ್ನನ್ನು ಬೈಯುತ್ತಾರೆ: “ದಿನಕ್ಕೆ ನಾಲ್ಕು ಸಲ ಬೀಳ್ತು, ಕಿತ್ತು ಹಾಕಿದ್ವಿ.” ಬಿದ್ದದ್ದು ಅದರ ತಪ್ಪಲ್ಲ. ಮನೆಯಲ್ಲಿ ಎಲ್ಲೋ ಸೋರುತ್ತಿದೆ ಎಂದು ಅದು ಕೂಗಿ ಹೇಳುತ್ತಿದೆ. ಎಲ್ಲಾ ಪ್ಲಗ್ಗು ಕಿತ್ತು, ಒಂದೊಂದಾಗಿ ಹಾಕುತ್ತ ಬನ್ನಿ. ಯಾವುದು ಹಾಕಿದಾಗ ಬೀಳುತ್ತದೆಯೋ ಅದೇ ಕಳ್ಳ. ಯಾವುದೂ ಅಲ್ಲದಿದ್ದರೆ ಗೋಡೆಯೊಳಗಿನ ತಂತಿ. ಮೀಟರಿನವರೆಗಿನ ಜವಾಬ್ದಾರಿ ಹೆಸ್ಕಾಂನದು, ದೂರು ಹೇಳಲು 1912; ಮೀಟರಿನಿಂದ ಒಳಗಿನದು ನಮ್ಮದೇ. ಆ ಕೆಲಸವನ್ನು ಲೈಸೆನ್ಸು ಇದ್ದವರಿಂದಲೇ ಮಾಡಿಸಿ. ಯಾರಿಗಾದರೂ ಕರೆಂಟು ಹಿಡಿದರೆ ಮುಟ್ಟಬೇಡಿ, ಮೊದಲು ಮೇನ್ ಇಳಿಸಿ, ಆಗದಿದ್ದರೆ ಒಣ ಮರದ ಕೋಲಿನಿಂದ ಬಿಡಿಸಿ, 108ಕ್ಕೆ ಕರೆ ಮಾಡಿ.

ನಮ್ಮ ಮನೆಯಲ್ಲಿ ಆ ಹಳೆಯ ಹಲಗೆ ಈಗ ಇಲ್ಲ. ಆಯಿ ಗೋಡೆಗೆ ಇದ್ದಿಲಿನಲ್ಲಿ ಗುರುತು ಹಾಕಿದ ಕಡೆಯೇ ಮೂರು ಪ್ಲಗ್ಗು ಕೂತಿವೆ. ಒಂದು ವರ್ಷ ಅವಳು ಅದನ್ನು ಮುಟ್ಟಲಿಲ್ಲ, ದೋಸೆಗೆ ಒರಳಿನಲ್ಲೇ ರುಬ್ಬಿದಳು. ನಾನು ಮಾತಾಡದೆ ಒರಳಿನ ಮುಂದೆ ಕೂತು ಗುಂಡು ತಿರುಗಿಸಿಕೊಟ್ಟೆ. ಈಗ ಗ್ರೈಂಡರು ಹಾಕುತ್ತಾಳೆ. ಸ್ವಿಚ್ಚು ಒತ್ತುವ ಮೊದಲು ಊಟದ ಮಣೆಯನ್ನು ಕಾಲಡಿಗೆ ಎಳೆದುಕೊಳ್ಳುತ್ತಾಳೆ. ಒಣಗಿದ ಮರ, ಒಳ್ಳೆಯದೇ. ನಾನು ಬೇಡ ಎನ್ನುವುದಿಲ್ಲ.