ಪಂಕ್ತಿಯಲ್ಲಿ ಕುಳಿತಾಗ

ಹೊಟ್ಟೆಯಲ್ಲಿ ಹಸಿವಿದ್ದೂ ನಾಲ್ವರ ನಡುವೆ ತುತ್ತೆತ್ತಲಾರದ ಸ್ಥಿತಿಯೊಂದುಂಟು. ಅರಿಯದವರಿಗೆ ಅದು ನಗೆಯ ವಿಷಯ. ಅನುಭವಿಸುವವರಿಗೆ ದಿನನಿತ್ಯದ ಅಗ್ನಿಪರೀಕ್ಷೆ. ನಾನು ಅಂಥ ಪರೀಕ್ಷೆಗೆ ಕುಳಿತವನು.

1984ರಲ್ಲಿ ಆಗತಾನೆ ಅಧ್ಯಾಪಕನಾಗಿದ್ದೆ. ನೂರು ವಿದ್ಯಾರ್ಥಿಗಳೆದುರು ಪಂಪನನ್ನು ಪಾಠ ಹೇಳಲು ಅಳುಕಿರಲಿಲ್ಲ. ಆದರೆ ಮಧ್ಯಾಹ್ನ ಅಧ್ಯಾಪಕರ ಕೊಠಡಿಯಲ್ಲಿ ಐದಾರು ಮಂದಿ ಬುತ್ತಿ ಬಿಚ್ಚಿದರೆ ನನ್ನ ಗಂಟಲು ಕಟ್ಟುತ್ತಿತ್ತು, ಬೆರಳು ನಡುಗುತ್ತಿತ್ತು. ಸಾರು ಅಂಗಿಯ ಮೇಲೆ ಚೆಲ್ಲಿದರೆ, ನುಂಗಲಾರದೆ ಕೆಮ್ಮಿದರೆ ಎಂಬ ಭಯ. ‘ಇಂದು ಏಕಾದಶಿ’ ಎಂದು ತಪ್ಪಿಸಿಕೊಳ್ಳುತ್ತಿದ್ದೆ. ಪಂಚಾಂಗದಲ್ಲಿ ತಿಂಗಳಿಗೆ ಎರಡು ಏಕಾದಶಿ. ನನಗೆ ವಾರಕ್ಕೆ ಮೂರು.

ನಗುವ ಮಾತು ಇಲ್ಲಿಗೆ ಮುಗಿಯಿತು. ಪಂಕ್ತಿಯಲ್ಲಿ ಕೂರಬೇಕಾದೀತೆಂದು ಅಂಜಿ, ಆಪ್ತ ಗೆಳೆಯನ ಮದುವೆಗೇ ನಾನು ಹೋಗಲಿಲ್ಲ. ಜ್ವರವೆಂದು ಕಾಗದ ಬರೆದೆ, ಅವನು ನಂಬಲಿಲ್ಲ. ನಿಜ ಹೇಳುವ ಧೈರ್ಯ ನನಗೆ ಬರುವಷ್ಟರಲ್ಲಿ ಅವನೇ ಇರಲಿಲ್ಲ.

ಅಮೆರಿಕದ ಮನೋವೈದ್ಯರ ಸಂಘ 1980ರಲ್ಲಿ ಪ್ರಕಟಿಸಿದ ಕೈಪಿಡಿಯಲ್ಲಿ ‘ಸಾಮಾಜಿಕ ಭೀತಿ’ ಎಂಬ ಹೆಸರಿನಡಿ ಈ ಅಳುಕೂ ಸೇರಿತ್ತೆಂಬುದು ನನಗೆ ತಿಳಿದದ್ದು ಬಹಳ ತಡವಾಗಿ. ಭಯಗೊಂಡ ದೇಹ ಓಟಕ್ಕೋ ಹೋರಾಟಕ್ಕೋ ಅಣಿಯಾಗುತ್ತದೆ. ಎದೆಬಡಿತ ಏರುತ್ತದೆ, ಬಾಯಿ ಒಣಗುತ್ತದೆ, ಜಠರದ ಕೆಲಸ ನಿಧಾನವಾಗುತ್ತದೆ. ಹೀಗಿರುವಾಗ ತುತ್ತು ಇಳಿಯುವುದೆಂತು? ತಪ್ಪಿಸಿಕೊಂಡರೆ ಆ ಗಳಿಗೆಗೆ ನೆಮ್ಮದಿ ದೊರೆಯುವುದು ನಿಜ. ಆ ನೆಮ್ಮದಿಯನ್ನುಂಡೇ ಭಯ ಕೊಬ್ಬುತ್ತದೆ.

ನನ್ನನ್ನು ಪಾರುಗಾಣಿಸಿದವರು ಹಿರಿಯ ಸಹೋದ್ಯೋಗಿಯೊಬ್ಬರು. ಒಂದು ಮಧ್ಯಾಹ್ನ ಅವರು ಏನನ್ನೂ ಕೇಳದೆ, ನನ್ನ ಪಕ್ಕದಲ್ಲಿ ಕಿಟಕಿಗೆ ಮುಖಮಾಡಿ ಕುಳಿತು, ಅರ್ಧ ಕಿತ್ತಳೆಯನ್ನು ನನ್ನತ್ತ ಸರಿಸಿ, ಷಟ್ಪದಿಯ ಲಯದ ಮಾತೆತ್ತಿದರು. ಚರ್ಚೆಯ ಭರದಲ್ಲಿ ನಾಲ್ಕು ತೊಳೆ ತಿಂದಿದ್ದೆ! ಮರುವಾರ ಅವಲಕ್ಕಿ, ತಿಂಗಳ ಬಳಿಕ ಮೊಸರನ್ನ, ವರ್ಷ ಕಳೆಯುವಷ್ಟರಲ್ಲಿ ಪಂಕ್ತಿಯ ಕೊನೆಯ ಎಲೆ. ಕೈ ನಡುಗಿದ್ದುಂಟು, ನಡುಗಲೆಂದು ಬಿಟ್ಟೆ. ತಲೆಯೆತ್ತಿ ನೋಡಿದರೆ, ಎಲ್ಲರ ಗಮನವೂ ಅವರವರ ಪಾಯಸದ ಮೇಲಿತ್ತು. ಮನೋವೈದ್ಯರು ಹೇಳುವ ಮೆಟ್ಟಿಲುಮೆಟ್ಟಿಲಿನ ಅಭ್ಯಾಸವೂ ಇಂಥದೇ ಎಂದು ಆಮೇಲೆ ಓದಿ ತಿಳಿದೆ.

ಅಂಥ ಹಿರಿಯರು ಎಲ್ಲರಿಗೂ ದೊರೆಯಲಾರರು. ದೊರೆಯದವರು ವೈದ್ಯರ ನೆರವು ಪಡೆಯಲು ನಾಚಬೇಕಿಲ್ಲ. 2022ರಲ್ಲಿ ಆರಂಭವಾದ ಟೆಲಿ ಮಾನಸ್ ಸೇವೆಯ 14416 ಸಂಖ್ಯೆಗೆ ಕರೆಮಾಡಿ ಕನ್ನಡದಲ್ಲಿಯೇ ಮಾತನಾಡಬಹುದು. ಒಬ್ಬರೇ ಉಣ್ಣುವಾಗಲೂ ತುತ್ತು ಸಿಕ್ಕಿಕೊಳ್ಳುವುದಾದರೆ ಮಾತ್ರ ಮೊದಲು ಗಂಟಲನ್ನೇ ಪರೀಕ್ಷಿಸಿಕೊಳ್ಳಬೇಕು.

ಅತಿಥೇಯರಲ್ಲಿಯೂ ಒಂದು ಬಿನ್ನಹ. ಉಪಚಾರ ನಮ್ಮ ನಾಡಿನ ಹಿರಿಯ ಗುಣ. ಆದರೆ ‘ಯಾಕೆ, ಏನೂ ಉಣ್ಣುತ್ತಿಲ್ಲವಲ್ಲ?’ ಎಂದು ಎಲ್ಲರೆದುರು ಕೇಳುವ ಮುನ್ನ ಎಲೆಯ ಮುಂದಿರುವವನ ಮುಖ ನೋಡಿ. ಬೇಕೆಂದಾಗ ಬಡಿಸಿ, ಬೇಡವೆಂದರೆ ಮುಂದೆ ಸಾಗಿ.

ಕೆಲವು ವರ್ಷಗಳ ಹಿಂದೆ ಆ ಗೆಳೆಯನ ಮಗಳ ಮದುವೆಯಾಯಿತು. ಮೊದಲ ಪಂಕ್ತಿಯಲ್ಲಿಯೇ ಕುಳಿತು ಉಂಡೆ. ಹೋಳಿಗೆಯನ್ನು ಎರಡನೆಯ ಸಲ ಕೇಳಿ ಹಾಕಿಸಿಕೊಂಡೆ. ನೋಡಬೇಕಾದವನೊಬ್ಬ ಅಲ್ಲಿರಲಿಲ್ಲ.