ಮತ್ತಿಯ ಬಳಗದ ಮರವೂ ಕೊರಳಿನ ಗಡ್ಡೆಯೂ

(ವಿದ್ಯಾರ್ಥಿಗಳ ಪರಿಸರ ಶಿಬಿರದಲ್ಲಿ ರಸಾಯನಶಾಸ್ತ್ರದ ಅಧ್ಯಾಪಕರೊಬ್ಬರು ನೀಡಿದ ಉಪನ್ಯಾಸದ ಬರಹ ರೂಪ)



ಕಾಡಿನ ಔಷಧ ಸಂಪತ್ತಿನ ಮಾತು ಬಂದಾಗಲೆಲ್ಲ ಸಭೆಯಿಂದ ಒಂದು ಪ್ರಶ್ನೆ ಏಳುತ್ತದೆ: ‘ಕ್ಯಾನ್ಸರಿಗೆ ಕಾಡಿನಲ್ಲಿ ಮದ್ದಿದೆಯೇ?’ ಇದೆ ಎಂದರೂ ಅರ್ಧಸತ್ಯ, ಇಲ್ಲ ಎಂದರೂ ಅರ್ಧಸತ್ಯ. ಆದ್ದರಿಂದ ಇಂದು ಒಂದು ರೋಗವನ್ನೂ ಒಂದು ಮರವನ್ನೂ ಹಿಡಿದು ಉತ್ತರವನ್ನು ಹುಡುಕೋಣ.

ಕೊರಳಿನ ಮುಂಭಾಗದಲ್ಲಿ ಚಿಟ್ಟೆಯಾಕಾರದ ಥೈರಾಯ್ಡ್ ಗ್ರಂಥಿಯಿದೆ. ಅಲ್ಲಿ ಹುಟ್ಟುವ ಕ್ಯಾನ್ಸರುಗಳಲ್ಲಿ ಹೆಚ್ಚಿನವು ನಿಧಾನವಾಗಿ ಬೆಳೆಯುವಂಥವು. ಶಸ್ತ್ರಚಿಕಿತ್ಸೆಯಿಂದಲೂ, ಅಗತ್ಯವಾದಲ್ಲಿ ವಿಕಿರಣಶೀಲ ಅಯೋಡಿನ್ನಿನಿಂದಲೂ ಬಹುಮಟ್ಟಿಗೆ ಗುಣವಾಗುತ್ತವೆ. ಆದರೆ ನೂರರಲ್ಲಿ ಒಂದೆರಡು ‘ಅನಾಪ್ಲಾಸ್ಟಿಕ್’ ಎಂಬ ಉಗ್ರ ಬಗೆಯವು. ಇದರ ಕೋಶಗಳು ಗ್ರಂಥಿಯ ಸಹಜ ಗುಣವನ್ನೇ ಕಳೆದುಕೊಂಡಿರುವುದರಿಂದ ಅಯೋಡಿನ್ನನ್ನು ಹೀರಿಕೊಳ್ಳುವುದಿಲ್ಲ. ಗಡ್ಡೆಯು ವಾರಗಳಲ್ಲಿಯೇ ಬೆಳೆದು ಶ್ವಾಸನಾಳವನ್ನು ಒತ್ತುತ್ತದೆ. ಹಳೆಯ ಚಿಕಿತ್ಸೆಗಳಷ್ಟೇ ಇದ್ದಾಗ ರೋಗಿಗಳಲ್ಲಿ ಅರ್ಧದಷ್ಟು ಮಂದಿ ಸುಮಾರು ಐದು ತಿಂಗಳೊಳಗೆ ತೀರಿಹೋಗುತ್ತಿದ್ದರು.

ಇನ್ನು ಮರದ ಮಾತು. ದಕ್ಷಿಣ ಆಫ್ರಿಕದ ಪೂರ್ವ ಕೇಪ್ ಪ್ರಾಂತದ ಹೊಳೆಗಳ ದಂಡೆಯಲ್ಲಿ ಕಾಂಬ್ರೆಟಮ್ ಕ್ಯಾಫ್ರಮ್ ಎಂಬ ಮರ ಬೆಳೆಯುತ್ತದೆ. ನಮಗೆ ಅದು ತೀರ ಪರಕೀಯವಲ್ಲ. ನಮ್ಮ ಮತ್ತಿ, ಹೊಳೆಮತ್ತಿ, ಅಳಲೆ, ತಾರೆ ಇವೆಲ್ಲ ಅದೇ ಸಸ್ಯಕುಟುಂಬದವು. ಅಮೆರಿಕದ ಅರಿಝೋನಾ ರಾಜ್ಯ ವಿಶ್ವವಿದ್ಯಾಲಯದ ಜಾರ್ಜ್ ಪೆಟಿಟ್ ಮತ್ತು ಸಂಗಡಿಗರು ಅದರಿಂದ ಬೇರ್ಪಡಿಸಿದ ಕಾಂಬ್ರೆಟಾಸ್ಟಾಟಿನ್ ಎ-4 ಎಂಬ ವಸ್ತುವಿನ ವಿವರವನ್ನು 1989ರಲ್ಲಿ ಪ್ರಕಟಿಸಿದರು.

ಇದೊಂದು ಕಿರು ಅಣು. ನೀರಿನ ಅಣುತೂಕ 18, ಇದರದು 316. ನಮ್ಮ ರಕ್ತದಲ್ಲಿರುವ ಪ್ರತಿಕಾಯದ್ದಾದರೋ ಸುಮಾರು 1,50,000. ಚಿಕ್ಕದಾಗಿರುವುದರಿಂದಲೇ ಇಂಥ ಅಣು ಕೋಶದೊಳಕ್ಕೆ ನುಸುಳಬಲ್ಲದು. ಒಳಗೆ ಟ್ಯೂಬುಲಿನ್ ಎಂಬ ಪ್ರೋಟೀನು ಕೋಶಕ್ಕೆ ಗಳು-ತೊಲೆಗಳಂತೆ ಆಕಾರ ಕೊಟ್ಟಿರುತ್ತದೆ. ಈ ಅಣು ಅದರ ಒಂದು ಗುಳಿಯಲ್ಲಿ ಕುಳಿತು ಆ ಕಟ್ಟಡವನ್ನು ಕೆಡಹುತ್ತದೆ. ಗಡ್ಡೆಗೆ ಆಹಾರ ಒಯ್ಯುವ ಎಳೆಯ ರಕ್ತನಾಳಗಳು ಕುಸಿಯುತ್ತವೆ. ಗಡ್ಡೆಗೆ ರಕ್ತ ತಪ್ಪುತ್ತದೆ. ಅದೇ ಗುಳಿಯಲ್ಲಿ ಕೂರುವ ಇನ್ನೊಂದು ಅಣು ಕಾಲ್ಚಿಸಿನ್. ಅದು ನಮ್ಮ ಬೇಲಿಯ ಗೌರಿಹೂವಿನ ಗೆಡ್ಡೆಯಲ್ಲಿದೆ. ಆ ಗೆಡ್ಡೆ ತಿಂದರೆ ಪ್ರಾಣವೇ ಹೋದೀತೆಂಬುದು ನಮ್ಮ ಹಿರಿಯರಿಗೆ ತಿಳಿದಿತ್ತು. ಮದ್ದಿಗೂ ವಿಷಕ್ಕೂ ನಡುವಿನ ಗೆರೆ ಅಷ್ಟು ತೆಳು.

ಕಾಂಬ್ರೆಟಾಸ್ಟಾಟಿನ್ನನ್ನು ನೀರಿನಲ್ಲಿ ಕರಗುವಂತೆ ಮಾರ್ಪಡಿಸಿದ ರೂಪವೇ ಫಾಸ್‌ಬ್ರೆಟಾಬುಲಿನ್. ಅನಾಪ್ಲಾಸ್ಟಿಕ್ ಕ್ಯಾನ್ಸರಿನ 80 ರೋಗಿಗಳ ಮೇಲೆ ನಡೆದ ಪ್ರಯೋಗದ ಫಲಿತಾಂಶ 2014ರಲ್ಲಿ ಪ್ರಕಟವಾಯಿತು. ಎಲ್ಲರಿಗೂ ಕಾರ್ಬೋಪ್ಲಾಟಿನ್ ಮತ್ತು ಪ್ಯಾಕ್ಲಿಟಾಕ್ಸೆಲ್ ಕೊಡಲಾಗಿತ್ತು. ಪ್ಯಾಕ್ಲಿಟಾಕ್ಸೆಲ್ ಕೂಡ ಯೂ ಮರದಲ್ಲಿ ಮೊದಲು ಕಂಡ ಅಣು. ಅವುಗಳ ಜೊತೆಗೆ ಹೊಸ ಮದ್ದನ್ನೂ ಪಡೆದವರ ಬದುಕಿನ ಮಧ್ಯಮಾವಧಿ 5.2 ತಿಂಗಳು, ಪಡೆಯದವರದು 4 ತಿಂಗಳು. ಈ ಅಂತರ ಆಕಸ್ಮಿಕವಲ್ಲವೆಂದು ಹೇಳಲು ಅಷ್ಟು ಸಾಕಾಗಲಿಲ್ಲ. ಆಸೆ ಹುಟ್ಟಿಸಿದ ಅಣು ಮದ್ದಾಗಿ ಗೆಲ್ಲಲಿಲ್ಲ. ಈ ಸೋಲನ್ನೂ ನಾವು ಹೇಳಲೇಬೇಕು.

ಗೆಲುವು ಬಂದುದು ಬೇರೆ ದಾರಿಯಿಂದ. ಕೋಶಕ್ಕೆ ‘ಬೆಳೆ’ ಎಂಬ ಸಂದೇಶವನ್ನು ಸಾಗಿಸುವ ಬಿ-ರಾಫ್ ಎಂಬ ಪ್ರೋಟೀನಿದೆ. ಅದರ 600ನೆಯ ಸ್ಥಾನದಲ್ಲಿ ಒಂದೇ ಒಂದು ಅಮೈನೋ ಆಮ್ಲ ಬದಲಾದರೆ ಸಂದೇಶ ನಿಲ್ಲುವುದೇ ಇಲ್ಲ. ತೂಬು ಮುಚ್ಚಲಾಗದೆ ಗದ್ದೆಗೆ ನೀರು ನುಗ್ಗಿದಂತೆ. ಪ್ರಯೋಗಾಲಯದಲ್ಲಿಯೇ ರೂಪಿಸಿದ ಎರಡು ಕಿರು ಅಣುಗಳಲ್ಲಿ ಡಾಬ್ರಾಫೆನಿಬ್ ಆ ತೂಬನ್ನು ಮುಚ್ಚುತ್ತದೆ, ಟ್ರಾಮೆಟಿನಿಬ್ ಕೆಳಗಿನ ಕಾಲುವೆಯನ್ನು ಕಟ್ಟುತ್ತದೆ. 2018ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಈ ಜೋಡಿಗೆ ಒಪ್ಪಿಗೆ ನೀಡಿತು. 2022ರಲ್ಲಿ ಪ್ರಕಟವಾದ ವರದಿಯಂತೆ 36 ರೋಗಿಗಳಲ್ಲಿ ಶೇಕಡಾ 56ರಷ್ಟು ಮಂದಿಯ ಗಡ್ಡೆ ಗಣನೀಯವಾಗಿ ಕುಗ್ಗಿತು. ಬದುಕಿನ ಮಧ್ಯಮಾವಧಿ 14.5 ತಿಂಗಳಿಗೆ ಏರಿತು. ಆದರೆ ಈ ಬದಲಾವಣೆ ಇರುವ ಗಡ್ಡೆಗಷ್ಟೇ ಈ ಮದ್ದು. ಎಲ್ಲ ರೋಗಿಗಳಲ್ಲೂ ಅದು ಇರುವುದಿಲ್ಲ. ಇದೆಯೋ ಇಲ್ಲವೋ ಎಂಬುದು ಗಡ್ಡೆಯ ತುಣುಕನ್ನು ಪರೀಕ್ಷಿಸಿದರೆ ಮಾತ್ರ ತಿಳಿಯುತ್ತದೆ. ಕೆಲಕಾಲದ ನಂತರ ಗಡ್ಡೆ ಮದ್ದಿಗೆ ಬಗ್ಗದಿರುವುದೂ ಉಂಟು.

ಬಂಧುಗಳೇ, ಕೊರಳಿನ ಗಡ್ಡೆಗಳೆಲ್ಲ ಕ್ಯಾನ್ಸರಲ್ಲ, ಹೆಚ್ಚಿನವು ಅಪಾಯವಿಲ್ಲದವು. ಆದರೆ ಗಡ್ಡೆ ಬೇಗಬೇಗ ದೊಡ್ಡದಾಗುತ್ತಿದ್ದರೆ, ದನಿ ಒಡೆದರೆ, ನುಂಗಲೋ ಉಸಿರಾಡಲೋ ಕಷ್ಟವಾದರೆ, ಸೊಪ್ಪಿನ ಲೇಪ ಹಚ್ಚಿ ವಾರಗಳನ್ನು ಕಳೆಯಬೇಡಿ. ಘಟ್ಟದ ದಾರಿ ಎಷ್ಟೇ ದೂರವಿರಲಿ, ಅಂದೇ ಆಸ್ಪತ್ರೆಗೆ ಹೊರಡಿ. ಈ ರೋಗದಲ್ಲಿ ಕಳೆದ ವಾರ ಮರಳಿ ಸಿಗುವುದಿಲ್ಲ.

ವಿದ್ಯಾರ್ಥಿಗಳಿಗೆ ಒಂದು ಮಾತು. ಕಾಡು ಔಷಧದ ಅಂಗಡಿಯಲ್ಲ. ಇನ್ನೂ ಓದಿ ಮುಗಿಯದ ಗ್ರಂಥಭಂಡಾರ. ಆಫ್ರಿಕದ ಆ ಮರ ಸಿದ್ಧ ಮದ್ದನ್ನು ಕೊಡಲಿಲ್ಲ; ಗಡ್ಡೆಯ ರಕ್ತನಾಳವನ್ನೇ ಗುರಿಯಾಗಿಸಬಹುದೆಂಬ ಹೊಳಹನ್ನು ಕೊಟ್ಟಿತು. ಮದ್ದು ಸಿಕ್ಕೀತೆಂಬ ಲೋಭದಿಂದಷ್ಟೇ ಕಾಡನ್ನು ಉಳಿಸ ಹೊರಟರೆ, ಸಿಗದ ದಿನ ಕಡಿಯಲು ನೆಪವಾಗುತ್ತದೆ. ಹೊಳೆದಂಡೆಯ ಮತ್ತಿ ಮತ್ತಿಯಾಗಿಯೇ ಉಳಿಯಲಿ.