ಗೋಡೆ ಕಾಯುವುದಿಲ್ಲ, ಪೊರೆ ಕಾಯುತ್ತದೆ

(ಜೀವಶಾಸ್ತ್ರದ ಅಧ್ಯಾಪಕರು ಹಾಗೂ ವಿದ್ಯಾರ್ಥಿಗಳಿಗಾಗಿ ಸಿದ್ಧಪಡಿಸಿದ ಉಪನ್ಯಾಸದ ಪಠ್ಯ)



ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್. ಪೇಟೆ, ನಾಗಮಂಗಲ ಅಕ್ಕಪಕ್ಕದ ತಾಲ್ಲೂಕುಗಳಾದರೂ ಅವುಗಳ ನೀರಿನ ಕಥೆ ಒಂದೇ ಅಲ್ಲ. ಶ್ರೀರಂಗಪಟ್ಟಣ ಕಾವೇರಿಯ ನಡುವಿನ ದ್ವೀಪ. ಪಾಂಡವಪುರದ ಗದ್ದೆಗಳಿಗೆ ನಾಲೆಯ ಆಸರೆ. ಕೆ.ಆರ್. ಪೇಟೆಯ ಸೀಮೆಯಲ್ಲಿ ಹೇಮಾವತಿ ಹರಿಯುತ್ತಾಳೆ. ನಾಗಮಂಗಲದ ರಾಗಿ ಹೊಲ ಬಹುಮಟ್ಟಿಗೆ ಮುಗಿಲನ್ನೇ ನಂಬಿದೆ. ಆದರೆ ಮಣ್ಣಿನ ನೀರು ಬೇರಿನೊಳಗೆ ಹೋಗುವ ನಿಯಮ ಮಾತ್ರ ಎಲ್ಲ ಕಡೆಯೂ ಒಂದೇ. ಆ ನಿಯಮವನ್ನು ತಿಳಿಸುವುದಕ್ಕೆಂದೇ ಪದವಿಪೂರ್ವ ತರಗತಿಯ ಪ್ರಯೋಗಾಲಯದಲ್ಲಿ ಎರಡು ಮೂರು ಸರಳ ಪ್ರಯೋಗಗಳನ್ನು ಮಾಡಿಸುತ್ತಾರೆ. ಪ್ರಯೋಗ ನಡೆಯುತ್ತದೆ, ರೆಕಾರ್ಡ್ ಪುಸ್ತಕವೂ ತುಂಬುತ್ತದೆ. ಆದರೆ ಉತ್ತರದಲ್ಲಿ ಒಂದು ತಪ್ಪು ಪದೇ ಪದೇ ನುಸುಳುತ್ತದೆ. ‘ಉಪ್ಪುನೀರಿನಲ್ಲಿ ಕೋಶಭಿತ್ತಿ ಕುಗ್ಗಿತು’ ಎಂದೋ, ‘ಕೋಶಭಿತ್ತಿ ಸಕ್ಕರೆಯನ್ನು ತಡೆಯಿತು’ ಎಂದೋ ಬರೆಯಲಾಗುತ್ತದೆ. ನಿಜವಾಗಿ ನಡೆದದ್ದು ಅದಲ್ಲ.

ಸಸ್ಯದ ಜೀವಕೋಶಕ್ಕೆ ಎರಡು ಆವರಣಗಳುಂಟು. ಹೊರಗಿನದು ಸೆಲ್ಯುಲೋಸಿನಿಂದಾದ ಗಟ್ಟಿ ಗೋಡೆ, ಅಂದರೆ ಕೋಶಭಿತ್ತಿ. ಅದಕ್ಕೆ ಅಂಟಿಕೊಂಡಂತೆ ಒಳಗಿರುವುದು ಬಹು ತೆಳುವಾದ ಕೋಶಪೊರೆ. ಮನೆಯ ಗೋಡೆ ಹೊರಗಿನವರನ್ನು ತಡೆಯುತ್ತದೆ. ಹಾಗಾಗಿ ಜೀವಕೋಶದಲ್ಲೂ ಗೋಡೆಯೇ ಕಾವಲುಗಾರ ಎಂದು ಮನಸ್ಸು ಊಹಿಸಿಬಿಡುತ್ತದೆ. ಆದರೆ ಸಾಮಾನ್ಯ ಕೋಶಭಿತ್ತಿ ಜಾಲರಿಯಂತಹುದು. ನೀರು, ಉಪ್ಪು, ಸಕ್ಕರೆ ಇವೆಲ್ಲ ಅದರ ಮೂಲಕ ಸಲೀಸಾಗಿ ಹಾಯುತ್ತವೆ. ಯಾವುದನ್ನು ಬಿಡಬೇಕು, ಯಾವುದನ್ನು ತಡೆಯಬೇಕು ಎಂದು ಆರಿಸುವುದು ಪೊರೆ.

ರೋಯೋ ಗಿಡದ ಎಲೆಯ ಪ್ರಯೋಗ ಇದನ್ನು ಕಣ್ಣಿಗೇ ತೋರಿಸುತ್ತದೆ. ಎಲೆಯ ಕೆಳಭಾಗದ ನೇರಳೆ ಸಿಪ್ಪೆಯನ್ನು ತೆಳುವಾಗಿ ಸುಲಿದು, ಗಾಢವಾದ ಸಕ್ಕರೆ ದ್ರಾವಣದಲ್ಲಿಟ್ಟು, ಸೂಕ್ಷ್ಮದರ್ಶಕದಲ್ಲಿ ನೋಡಬೇಕು. ಕೆಲವೇ ನಿಮಿಷಗಳಲ್ಲಿ ನೇರಳೆ ಬಣ್ಣದ ಒಳಭಾಗ ಮುದುಡಿ ಗೋಡೆಯಿಂದ ಬಿಟ್ಟುಕೊಳ್ಳುತ್ತದೆ. ಗೋಡೆಯಾದರೋ ಇದ್ದಲ್ಲೇ ಇರುತ್ತದೆ. ಹಾಗಾದರೆ ಗೋಡೆಗೂ ಪೊರೆಗೂ ನಡುವೆ ಉಂಟಾದ ಖಾಲಿ ಜಾಗದಲ್ಲಿ ಏನಿದೆ? ಗಾಳಿಯಲ್ಲ, ನೀರಷ್ಟೇ ಅಲ್ಲ, ಹೊರಗಿನ ಸಕ್ಕರೆ ದ್ರಾವಣವೇ ಅಲ್ಲಿ ತುಂಬಿರುತ್ತದೆ. ಗೋಡೆ ಸಕ್ಕರೆಯನ್ನು ತಡೆಯಲಿಲ್ಲ ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ. ಇದೇ ಪ್ಲಾಸ್ಮಾಲಿಸಿಸ್. ಹಾಲೆಂಡಿನ ವಿಜ್ಞಾನಿ ಹ್ಯೂಗೊ ಡಿ ವ್ರೀಸ್ 19ನೇ ಶತಮಾನದ ಕೊನೆಯ ದಶಕಗಳಲ್ಲಿ ಇದನ್ನೇ ಅಳತೆಗೋಲಾಗಿ ಬಳಸಿ, ಬೇರೆ ಬೇರೆ ದ್ರಾವಣಗಳ ಬಲವನ್ನು ಹೋಲಿಸಿದರು.

ಪೊರೆ ಮತ್ತು ಗೋಡೆಯ ಈ ಹಂಚಿಕೆಯನ್ನು ಬಹು ಚೆನ್ನಾಗಿ ತೋರಿಸಿದ್ದು ಒಂದು ಮಡಕೆ. ಫ್ರಾನ್ಸಿನ ನೊಲೆ 1748ರಲ್ಲೇ ಹಂದಿಯ ಮೂತ್ರಕೋಶದ ಚರ್ಮವನ್ನು ಬಳಸಿ ಅಭಿಸರಣೆಯನ್ನು ಕಂಡಿದ್ದರು. ಜರ್ಮನಿಯ ಫೆಫರ್ ಅದನ್ನು ಕರಾರುವಾಕ್ಕಾಗಿ ಅಳೆಯಲು ಹೊರಟರು. ಪೊರೆ ತೆಳುವಾದರೆ ಒತ್ತಡಕ್ಕೆ ಹರಿಯುತ್ತದೆ, ದಪ್ಪವಾದರೆ ಕೆಲಸ ನಿಧಾನ. ಅವರು ನೀರು ಜಿನುಗುವ ಸುಟ್ಟ ಮಣ್ಣಿನ ಪುಟ್ಟ ಪಾತ್ರೆಯೊಂದನ್ನು ತೆಗೆದುಕೊಂಡು, ಅದರ ಗೋಡೆಯಲ್ಲಿ ರಾಸಾಯನಿಕ ಪೊರೆಯೊಂದು ಮೂಡುವಂತೆ ಮಾಡಿದರು. 1877ರಲ್ಲಿ ಅವರ ಗ್ರಂಥ ಪ್ರಕಟವಾಯಿತು. ಆ ಪಾತ್ರೆಯಲ್ಲಿ ಆರಿಸುವ ಕೆಲಸ ಪೊರೆಯದು, ಪೊರೆ ಒಡೆಯದಂತೆ ಆತುಕೊಳ್ಳುವ ಕೆಲಸ ಮಣ್ಣಿನದು. ಬೇಸಿಗೆಯಲ್ಲಿ ತಣ್ಣೀರಿನ ಹೂಜಿ ಬೆವರುವುದನ್ನು ಕಂಡವರಿಗೆ, ಗಟ್ಟಿಯಾಗಿದ್ದೂ ನೀರನ್ನು ಹೊರಬಿಡುವ ಗೋಡೆ ಹೊಸದೇನಲ್ಲ.

ಗೋಡೆ ತಡೆಯುವುದಿಲ್ಲವೆಂದ ಮಾತ್ರಕ್ಕೆ ಅದು ನಿಷ್ಪ್ರಯೋಜಕವಲ್ಲ. ಅಭಿಸರಣೆಯಿಂದ ನೀರು ಒಳನುಗ್ಗಿದಾಗ ಕೋಶ ಉಬ್ಬುತ್ತದೆ. ಗೋಡೆ ಎದುರೊತ್ತಿ ಹಿಡಿಯದಿದ್ದರೆ ಅದು ಒಡೆದೇ ಹೋದೀತು. ಈ ಎರಡು ಒತ್ತಡಗಳ ಬಲದಿಂದಲೇ ಎಳೆಯ ದಂಟು ನೆಟ್ಟಗೆ ನಿಲ್ಲುತ್ತದೆ. ಸಂತೆಯಲ್ಲಿ ಸೊಪ್ಪು ಮಾರುವವರು ಕಟ್ಟುಗಳ ಮೇಲೆ ಆಗಾಗ ನೀರು ಚಿಮುಕಿಸುವುದು ಈ ಬಿಗುವು ಇಳಿಯದಿರಲೆಂದು. ಉಪ್ಪು ಬೆರೆಸಿದ ಮಾವಿನ ಹೋಳು ಮಾರನೆಯ ದಿನಕ್ಕೆ ನೀರು ಬಿಟ್ಟು ಸುಕ್ಕಾದರೂ ಕರಗಿ ಮುದ್ದೆಯಾಗದೆ ಹೋಳಾಗಿಯೇ ಉಳಿಯುವುದು ಗೋಡೆಗಳ ದೆಸೆಯಿಂದ.

ಇದಕ್ಕೆ ಅಪವಾದಗಳೂ ಉಂಟು. 1665ರಲ್ಲಿ ಇಂಗ್ಲೆಂಡಿನ ರಾಬರ್ಟ್ ಹುಕ್ ಮೊದಲು ಕಂಡು ‘ಸೆಲ್’ ಎಂದು ಹೆಸರಿಟ್ಟದ್ದು ಬೆಂಡಿನ ಗೋಡೆಗಳನ್ನು. ಅಲ್ಲಿ ಮೇಣದಂಥ ವಸ್ತು ಸೇರಿಕೊಂಡು ಗೋಡೆಯೂ ನೀರನ್ನು ತಡೆಯುತ್ತದೆ. ಸೀಸೆಗೆ ಬೆಂಡಿನ ಬಿರಡೆ ಹಾಕುವುದು ಅದಕ್ಕೇ. ಬೇರಿನ ಒಳಪದರದಲ್ಲೂ ಅಂಥದೇ ಒಂದು ಪಟ್ಟಿಯಿದೆ. ಗೋಡೆಗಳ ಸಂದಿಯಲ್ಲಿ ನುಸುಳಿ ಬಂದ ನೀರು ಅಲ್ಲಿಗೆ ಬಂದಾಗ ಪೊರೆಯನ್ನು ಹಾದೇ ಮುಂದೆ ಹೋಗಬೇಕು.

ಇದನ್ನು ಮನೆಯಲ್ಲೇ ಪರೀಕ್ಷಿಸಲು ಒಂದು ಬೀಟ್‌ರೂಟ್ ಸಾಕು. ಹೋಳು ಮಾಡಿ, ಕೊಯ್ದಲ್ಲಿ ಒಸರಿದ ಬಣ್ಣ ಹೋಗುವಂತೆ ಚೆನ್ನಾಗಿ ತೊಳೆದು, ಒಂದಷ್ಟನ್ನು ತಣ್ಣೀರಿಗೂ ಇನ್ನೊಂದಷ್ಟನ್ನು ಕೈಯಿಡಲಾಗದಷ್ಟು ಬಿಸಿಯಾದ ನೀರಿಗೂ ಹಾಕಬೇಕು. ತಣ್ಣೀರು ಬಹುಮಟ್ಟಿಗೆ ತಿಳಿಯಾಗಿಯೇ ಉಳಿಯುತ್ತದೆ, ಬಿಸಿನೀರು ಕೆಂಪಾಗುತ್ತದೆ. ಗೋಡೆ ಎರಡು ಕಡೆಯೂ ಇದೆ. ಶಾಖಕ್ಕೆ ಕೆಟ್ಟದ್ದು ಪೊರೆ. ಆಲೂಗಡ್ಡೆಯ ಪ್ರಯೋಗದಲ್ಲಿ ಬೇಯಿಸಿದ ಗೆಡ್ಡೆಯನ್ನು ಬಳಸಿದರೆ ಒಳಗಿನ ಸಕ್ಕರೆ ದ್ರಾವಣ ಏರದಿರುವುದಕ್ಕೂ ಇದೇ ಕಾರಣ. ಆದ್ದರಿಂದ ಬೇಯಿಸಿದ ಗೆಡ್ಡೆಯನ್ನೂ ಪಕ್ಕದಲ್ಲಿಟ್ಟು ತೋರಿಸದ ಪ್ರಯೋಗ ಅರ್ಧ ಪ್ರಯೋಗವೇ ಸರಿ.

ಯುರೋಪಿನ ಬೀಟ್ ಸಕ್ಕರೆ ಕಾರ್ಖಾನೆಗಳು ಈ ಪ್ರಯೋಗವನ್ನೇ ದೊಡ್ಡದಾಗಿ ನಡೆಸುತ್ತವೆ. ಗೆಡ್ಡೆಯನ್ನು ಹೆಚ್ಚಿ ಬಿಸಿನೀರಿನಲ್ಲಿ ಹಾಯಿಸಿದರೆ ಪೊರೆಗಳು ಕೆಟ್ಟು, ಸಕ್ಕರೆ ವಿಸರಣೆಯಿಂದ ತಾನೇ ಹೊರಬರುತ್ತದೆ. ಮಂಡ್ಯ ಸೀಮೆಯ ದಾರಿ ಬೇರೆ. ಶ್ರೀರಂಗಪಟ್ಟಣದ ಬಳಿಯ ಪಾಲಹಳ್ಳಿಯಲ್ಲಿ 1847ರಲ್ಲಿ ಆರಂಭವಾದ ಅಷ್ಟಗ್ರಾಮ ಸಕ್ಕರೆ ಕಾರ್ಖಾನೆ ರೈತರ ಬೆಲ್ಲವನ್ನು ಶುದ್ಧಿಮಾಡಿ ಸಕ್ಕರೆ ತೆಗೆಯುತ್ತಿತ್ತು. 1933ರಲ್ಲಿ ಮಂಡ್ಯದಲ್ಲಿ ಮೈಸೂರು ಸಕ್ಕರೆ ಕಂಪನಿ ಹುಟ್ಟಿತು. ಆಲೆಮನೆಯ ಗಾಣವಿರಲಿ, ಕಾರ್ಖಾನೆಯ ಉರುಳೆಗಳಿರಲಿ, ಕಬ್ಬಿನ ಕೋಶಗಳನ್ನು ಜಜ್ಜಿ ಪೊರೆ ಹರಿದು ರಸ ಹಿಂಡುತ್ತವೆ. ಪೊರೆ ಹಿಡಿದಿಟ್ಟಿದ್ದ ಸಿಹಿ ಕೊಪ್ಪರಿಗೆ ಸೇರುತ್ತದೆ, ಗೋಡೆಗಳು ಸಿಪ್ಪೆಯಾಗಿ ಒಲೆ ಸೇರುತ್ತವೆ.

ಪರೀಕ್ಷೆಯಲ್ಲಿ ಈ ತಪ್ಪಿಗೆ ಒಂದೋ ಎರಡೋ ಅಂಕ ಹೋದೀತು, ಗದ್ದೆಯಲ್ಲಿ ಬೆಳೆಯೇ ಹೋಗಬಹುದು. 1911ರಲ್ಲಿ ಕೆಲಸ ಆರಂಭವಾದ ಕನ್ನಂಬಾಡಿ ಕಟ್ಟೆಯಿಂದ ವಿಶ್ವೇಶ್ವರಯ್ಯ ನಾಲೆ ಹರಿದು ಈ ಸೀಮೆಯ ಬದುಕೇ ಬದಲಾಯಿತು. ಆದರೆ ನಾಲೆ ನೀರಾವರಿ ಎಲ್ಲಿದ್ದರೂ, ಬಸಿದು ಹೋಗಲು ದಾರಿಯಿಲ್ಲದ ತಗ್ಗಿನಲ್ಲಿ ನೀರು ನಿಂತು, ಆವಿಯಾಗಿ, ಲವಣಗಳನ್ನು ಮೇಲ್ಮಣ್ಣಿನಲ್ಲಿ ಬಿಟ್ಟುಹೋಗುವ ಅಪಾಯ ಇದ್ದೇ ಇದೆ. ಅಂಥ ಚೌಳು ಮಣ್ಣಿನಲ್ಲಿ ನೀರಿದ್ದೂ ಪೈರು ಬಾಡುತ್ತದೆ. ಬೇರಿನ ಹೊರಗಿನ ದ್ರಾವಣ ಗಾಢವಾದಷ್ಟೂ ಬೇರಿಗೆ ನೀರು ಎಳೆದುಕೊಳ್ಳುವುದು ಕಷ್ಟವಾಗುತ್ತದೆ, ಅತಿಯಾದರೆ ಒಳಗಿನ ನೀರೂ ಹೊರಬರುತ್ತದೆ. ಬಾಡಿದ ಪೈರಿಗೆ ಕಸುವು ಸಾಲದೆಂದು ಇನ್ನೊಂದು ಹಿಡಿ ಯೂರಿಯಾ ಎರಚಿದರೆ ಉಪ್ಪಿನ ಮೇಲೆ ಉಪ್ಪು ಸುರಿದಂತೆ. ಅಲ್ಲಿ ಬೇಕಾದದ್ದು ಬಸಿಗಾಲುವೆ, ಲವಣ ತೊಳೆದುಹೋಗುವಂತೆ ಹಾಯಿಸುವ ಒಳ್ಳೆಯ ನೀರು. ನಾಗಮಂಗಲದ ಮಳೆಯಾಶ್ರಿತ ಹೊಲದಲ್ಲೂ ತೇವವಿಲ್ಲದಾಗ ಹಾಕಿದ ಗೊಬ್ಬರ ಬೇರನ್ನು ಸುಡುವುದು ಇದೇ ನಿಯಮದಂತೆ.

ರೋಯೋ ಎಲೆಯಲ್ಲಿ ಕಂಡದ್ದನ್ನೇ ಚೌಳು ಗದ್ದೆಯಲ್ಲಿ ಗುರುತಿಸಬಲ್ಲ ಹುಡುಗ ಅಥವಾ ಹುಡುಗಿ ಮನೆಯ ಹಿರಿಯರಿಗೆ ಕಾರಣಸಹಿತವಾಗಿ ಒಂದು ಮಾತು ಹೇಳಬಲ್ಲರು. ರೆಕಾರ್ಡ್ ಪುಸ್ತಕವನ್ನು ಹಿಂದಿನ ವರ್ಷದವರಿಂದ ನಕಲು ಮಾಡಿದರೆ ಆ ಮಾತು ಹುಟ್ಟುವುದಿಲ್ಲ. ಸೂಕ್ಷ್ಮದರ್ಶಕದಲ್ಲಿ ಕಣ್ಣಿಟ್ಟು, ಗೋಡೆ ಅಲುಗಲಿಲ್ಲ, ಪೊರೆ ಸರಿಯಿತು ಎಂದು ತಾನೇ ಕಂಡು ಬರೆದ ಒಂದು ಸಾಲು ಸಾಕು.